ನಾನು ತೊಳೆದ ಕೋಲು

ನಮ್ಮ ಯಜಮಾನರ ಆಟದ ಕೋಲನ್ನು ಕೆಡಿಸಿದವಳು ನಾನು. ಅದು ನನಗೆ ಗೊತ್ತಾಗಿದ್ದು ಅವರು ತೀರಿಕೊಂಡ ಆರು ತಿಂಗಳ ಮೇಲೆ, ಶ್ರೀನಿವಾಸಪುರದಲ್ಲಿ ಮಂಚದ ಕಾಲು, ಲಟ್ಟಣಿಗೆ ಕಡೆದುಕೊಡುವ ಸಾಬರೊಬ್ಬರ ಅಂಗಡಿಯಲ್ಲಿ ಕೂತಿದ್ದಾಗ. ಯಜಮಾನರಿಗೆ ಮಾತ್ರ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಎರಡೂವರೆ ವರ್ಷ ನನ್ನ ಹತ್ತಿರ ಬಾಯಿ ಬಿಡಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ದುಃಖ ಇದೆ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಸಿಟ್ಟೂ ಇದೆ, ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಅವರ ಹೆಸರು ಇಲ್ಲಿ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಗಂಡನ ಹೆಸರು ಹೇಳುವ ರೂಢಿ ಇರಲಿಲ್ಲ. ಶಾಲೆಯಲ್ಲಿ ಯಾವುದೋ ಫಾರಂ ತುಂಬುವಾಗ ಆ ಒಂದು ಜಾಗವನ್ನು ಪಕ್ಕದ ಟೀಚರ್ ಕೈಯಲ್ಲಿ ಬರೆಸುತ್ತಿದ್ದೆ. ನಾನು ತಾಯಲೂರಿನ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪ್ರೈಮರಿ ಟೀಚರ್ ಆಗಿದ್ದವಳು. ಮುನ್ನೂರು ಮಕ್ಕಳ ಹೆಸರು ಬಾಯಿಪಾಠ, ಕಟ್ಟಿಕೊಂಡವನ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ ಎಂದು ಅವರು ಛೇಡಿಸುತ್ತಿದ್ದರು.

ಮದುವೆಯಾದ ಹೊಸದರಲ್ಲಿ ನಾವು ಮಾಲೂರಿನಲ್ಲಿದ್ದೆವು. ಅವರು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಕೆಲಸಗಾರರು ಊಟದ ಹೊತ್ತಿನಲ್ಲಿ ಕಾಲ ಕಳೆಯಲೆಂದು ಇಟ್ಟಿದ್ದ ಕೋಣೆಯಲ್ಲಿ ಒಂದು ಹಳೆಯ ಪೂಲ್ ಮೇಜಿತ್ತಂತೆ. ಹಸಿರು ಬಟ್ಟೆ ಹೊದೆಸಿದ ಮೇಜು, ಬಣ್ಣಬಣ್ಣದ ಚೆಂಡು, ಕೋಲಿನ ತುದಿಯಿಂದ ಬಿಳಿ ಚೆಂಡನ್ನು ತಳ್ಳಿ ಉಳಿದವನ್ನು ಗುಳಿಗೆ ಬೀಳಿಸುವುದು. ಕೇಳಿದಾಗ ನನಗೆ ಅದು ಕಾಲು ಬಂದ ಕೇರಂ ಬೋರ್ಡು ಅನ್ನಿಸಿತು, ಹಾಗೇ ಅಂದೆ. ಅವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಒಂದು ಭಾನುವಾರ ಬೆಂಗಳೂರಿನಿಂದ ರೈಲಿನಲ್ಲಿ ಬಂದವರ ಕಂಕುಳಲ್ಲಿ ಉದ್ದನೆಯ ಕಪ್ಪು ಡಬ್ಬಿ.

"ಏನ್ರೀ ಇದು, ಕರ್ಟನ್ ರಾಡಾ?" ಎಂದೆ. ಹೊಸ ಮನೆಗೆ ಪರದೆ ಬೇಕೆಂದು ನಾನು ತಿಂಗಳಿಂದ ಪೀಡಿಸುತ್ತಿದ್ದೆ.

"ಆಟದ ಕೋಲು ಕಣೇ. ಕ್ಯೂ ಅಂತಾರೆ. ನಂದೇ ಸ್ವಂತದ್ದು" ಎಂದರು. ಡಬ್ಬಿ ತೆರೆದು, ಒಳಗಿದ್ದ ಎರಡು ತುಂಡುಗಳನ್ನು ತಿರುಗಿಸಿ ಒಂದು ಮಾಡಿ ತೋರಿಸಿದರು. ನಾನು ಸರಿಯಾಗಿ ನೋಡಲೂ ಇಲ್ಲ. ಅಲ್ಲಿಂದ ಮುಂದೆ ಮೂವತ್ತು ವರ್ಷ ನಮ್ಮ ಮನೆಯಲ್ಲಿ ಅದರ ಹೆಸರು ಕರ್ಟನ್ ರಾಡೇ.

ಆಮೇಲೆ ಅವರಿಗೆ ವೇಮಗಲ್‌ನಲ್ಲಿ ಕೆಲಸ ಸಿಕ್ಕಿತು, ನಾವು ಕೋಲಾರಕ್ಕೆ ಬಂದೆವು. ಇಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬಟ್ಟೆ ಅಂಗಡಿಯ ಮಹಡಿ ಮೇಲೆ ಒಂದು ಪೂಲ್ ಹಾಲ್ ಇತ್ತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಡಬ್ಬಿ ಹಿಡಿದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಗೆದ್ದ ದಿನ ಬೇಕರಿಯಿಂದ ದಿಲ್‌ಪಸಂದ್ ತರುತ್ತಿದ್ದರು. ಸೋತ ದಿನ ಬರಿಗೈ. ಮಗಳು ಬಾಗಿಲಲ್ಲಿ ನಿಂತು ಮೊದಲು ಅವರ ಕೈ ನೋಡುತ್ತಿದ್ದಳು. ಕೋಲಿನ ತುದಿಗೆ ಉಜ್ಜುವ ನೀಲಿ ಸೀಮೆಸುಣ್ಣ ಅವರ ಬೆರಳಿಗೆ ಮೆತ್ತಿಕೊಂಡಿರುತ್ತಿತ್ತು. ನನ್ನದು ಬಿಳಿ ಸೀಮೆಸುಣ್ಣ, ಅವರದು ನೀಲಿ. ಇಬ್ಬರ ಬಟ್ಟೆಯನ್ನೂ ಒಗೆಯುವವಳು ನಾನೇ ಆದ್ದರಿಂದ ಅದರಲ್ಲಿ ನನಗೇನೂ ಚೆಂದ ಕಾಣಿಸಲಿಲ್ಲ. ಒಮ್ಮೆ ಪಂದ್ಯವಿದೆ ಎಂದು ಮುಳಬಾಗಿಲಿನಲ್ಲಿ ನಮ್ಮಣ್ಣನ ಮಗಳ ಮದುವೆಗೆ ಧಾರೆ ಮುಗಿದ ಮೇಲೆ ಬಂದರು. ಆ ಮಾತನ್ನು ನಾನು ವರ್ಷಗಟ್ಟಲೆ ಎತ್ತಿ ಆಡಿದ್ದೇನೆ.

ಆ ದಿನಗಳ ಒಂದು ಆಯುಧಪೂಜೆ ಚೆನ್ನಾಗಿ ನೆನಪಿದೆ. ನಡುಮನೆಯಲ್ಲಿ ಮಣೆ ಹಾಕಿ, ಅವರ ಟೆಸ್ಟರು, ಕಟಿಂಗ್ ಪ್ಲೇಯರು, ನನ್ನ ಸೀಮೆಸುಣ್ಣದ ಡಬ್ಬಿ, ಕೆಂಪು ಪೆನ್ನು, ಅಡುಗೆಮನೆಯ ಈಳಿಗೆಮಣೆ ಎಲ್ಲವನ್ನೂ ಜೋಡಿಸಿದ್ದೆ. ಹೂವು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಣೆಯ ಪಕ್ಕದಲ್ಲಿ ಆ ಕಪ್ಪು ಡಬ್ಬಿಯೂ ಇತ್ತು.

"ಆಯುಧ ಇಡೋ ಜಾಗ ಇದು. ಆಟದ ಸಾಮಾನು ಇಡೋದಲ್ಲ" ಎಂದು ಎತ್ತಿ ಬೀರುವಿನ ಸಂದಿಗೆ ತಳ್ಳಿದೆ. ಅವರು ಮಂಗಳಾರತಿ ತೆಗೆದುಕೊಂಡು ಪೇಪರು ಓದುತ್ತ ಕೂತರು. ಆಮೇಲೆ ಯಾವ ವರ್ಷವೂ ಅವರು ಅದನ್ನು ಪೂಜೆಗೆ ತರಲಿಲ್ಲ.

ಅವರು ನಿವೃತ್ತರಾದ ವರ್ಷ ಕಾರ್ಖಾನೆಯ ಸಾಮಾನನ್ನೆಲ್ಲ ಅಲ್ಲೇ ಒಪ್ಪಿಸಿ ಬಂದರು. ಆ ಸಲದ ಆಯುಧಪೂಜೆಗೆ ಮಣೆ ಹಾಕಿದಾಗ ನನ್ನ ಸೀಮೆಸುಣ್ಣದ ಡಬ್ಬಿ ಇತ್ತು, ಮಗಳ ಸ್ಕೂಟರ್ ಹೊರಗೆ ನಿಂತಿತ್ತು, ಅವರದು ಅಂತ ಇಡಲು ಒಂದು ಸಾಮಾನೂ ಇರಲಿಲ್ಲ. ಮೂವತ್ತು ವರ್ಷ ದುಡಿದ ಮನುಷ್ಯನ ಜಾಗ ಖಾಲಿ. ಅವರು ಬೆಳಗ್ಗೆಯೇ ಬೂದುಗುಂಬಳಕಾಯಿ, ಬಾಳೆಕಂದು ತರಲು ಮಾರ್ಕೆಟ್ಟಿಗೆ ಹೋಗಿದ್ದರು, ಅಲ್ಲಿಂದ ಊರ ಕಡೆ ಯಾರನ್ನೋ ನೋಡಿಕೊಂಡು ಸಂಜೆಗೆ ಬರುವವರಿದ್ದರು. ನಾನು ಬೀರುವಿನ ಸಂದಿಯಿಂದ ಡಬ್ಬಿ ಎಳೆದೆ. ಅವರು ಬರುವ ಹೊತ್ತಿಗೆ ಅದು ಮಣೆಯ ಮೇಲಿರಬೇಕು ಎಂದು ಆಸೆ.

ಪೂಜೆಗೆ ಇಡುವ ಸಾಮಾನು ಮೊದಲು ತೊಳೆಯಬೇಕು. ಕುಡುಗೋಲು, ಹಾರೆ, ಒನಕೆ ಎಲ್ಲವನ್ನೂ ನಮ್ಮಮ್ಮ ಹಾಗೇ ಮಾಡುತ್ತಿದ್ದಳು, ನಾನೂ ಹಾಗೇ ಮಾಡಿದೆ. ಕೋಲಿನ ದಪ್ಪ ತುಂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸಣ್ಣ ತುಂಡಿನ ತುದಿ ಮಾತ್ರ ನೀಲಿ ನೀಲಿಯಾಗಿ ಕೊಳೆ ಕಟ್ಟಿತ್ತು. ಬಕೆಟ್ಟಿಗೆ ಅರಿಶಿನದ ನೀರು ಹಾಕಿ, ಆ ತುಂಡನ್ನು ತುದಿ ಕೆಳಗೆ ಮಾಡಿ ನಿಲ್ಲಿಸಿ ಒಗ್ಗರಣೆ, ಪಲ್ಯ ಮುಗಿಸಿ ಬಂದೆ. ಅಷ್ಟು ಹೊತ್ತು ನೆಂದಿದ್ದಕ್ಕೆ ಕೊಳೆ ಚೆನ್ನಾಗಿ ಬಿಟ್ಟಿತ್ತು. ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದೆ. ತುದಿಯ ಬಿಳಿ ಬಳೆ ಹೊಳೆಯಿತು. ಆಮೇಲೆ ತಾರಸಿಗೆ ಒಯ್ದು ಮೋಟುಗೋಡೆಗೆ ಒರಗಿಸಿ, ಬಿಸಿಲು ಇಳಿಯುವ ತನಕ ಒಣಗಿಸಿದೆ. ಒಣಗಿದ್ದು ಬಿಳಿಚಿಕೊಂಡಂತೆ ಕಂಡಿತೆಂದು ಕೊಬ್ಬರಿ ಎಣ್ಣೆಯನ್ನೂ ಹಚ್ಚಿದೆ. ಮಣೆಯ ಮೇಲೆ ಇಟ್ಟು ವಿಭೂತಿ ಎಳೆದು, ಸಣ್ಣ ತುಂಡಿನ ಬುಡದಲ್ಲಿ ಒಂದು ಕುಂಕುಮದ ಬೊಟ್ಟು ಇಟ್ಟೆ.

ಅವರು ಬಾಳೆಕಂದು ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

"ಇದನ್ನ ಯಾರು ಇಟ್ಟಿದ್ದು?"

"ಇನ್ಯಾರು, ನಾನೇ. ತೊಳ್ದು, ಎಣ್ಣೆ ಹಚ್ಚಿದೀನಿ. ಹೆಂಗೆ ಹೊಳೀತಿದೆ ನೋಡಿ."

ಚಪ್ಪಲಿ ಬಿಟ್ಟು ಬಂದು ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸಣ್ಣ ತುಂಡನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯ ತನಕ ನೋಡಿದರು. ತುಂಬ ಹೊತ್ತು ನೋಡಿದರು. ಕೆಳಗಿಟ್ಟಾಗ ಕಣ್ಣು ಒದ್ದೆಯಾಗಿತ್ತು. "ಚೆನ್ನಾಗಿದೆ ಕಣೇ" ಎಂದು ನನ್ನ ಕೈ ಹಿಡಿದುಕೊಂಡರು. ಮಗಳ ಎದುರಿಗೆ ಅವರು ಹಾಗೆಲ್ಲ ಕೈ ಹಿಡಿದವರಲ್ಲ. ಆ ಕಣ್ಣೀರು ಸಂತೋಷದ್ದು ಎಂದುಕೊಂಡೆ. ಎಷ್ಟೋ ದಿನ ಅದನ್ನು ನೆನೆಸಿಕೊಂಡು ನಾನೊಬ್ಬಳೇ ಖುಷಿಪಟ್ಟಿದ್ದೇನೆ.

ಆ ದಸರಾ ಆದ ಮೇಲೆ ದಿಲ್‌ಪಸಂದ್ ಬರುವುದು ನಿಂತಿತು. ಒಂದು ಭಾನುವಾರ, ಎರಡು ಭಾನುವಾರ, ಮೂರು ತಿಂಗಳು. ನನ್ನ ಬಾಯಿ ಸುಮ್ಮನಿರುವುದಲ್ಲ. "ಏನ್ರೀ, ರಿಟೈರ್ ಆಗಿದ್ದು ಕೆಲ್ಸಕ್ಕಾ, ಆಟಕ್ಕಾ?" ಎಂದು ಚುಚ್ಚಿದೆ. "ವಯಸ್ಸಾಯ್ತು ಕಣೇ, ಗುರಿ ನಿಲ್ಲಲ್ಲ" ಎಂದರು. ಗುರಿ ನಿಲ್ಲದಿದ್ದರೆ ಕಣ್ಣಿನ ದೋಷವೇ ಇರಬೇಕೆಂದು ನಾನು ಬೆನ್ನು ಹತ್ತಿದೆ. ಒಂದು ತಿಂಗಳು ತಪ್ಪಿಸಿಕೊಂಡು ಕೊನೆಗೆ ನನ್ನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಬಂದರು. ಸ್ವಲ್ಪ ಪವರ್ ಇದೆ, ಬೇಕಾದರೆ ಹಾಕಿಕೊಳ್ಳಬಹುದು ಎಂದರು ಡಾಕ್ಟರು. ಬೇಕೇ ಬೇಕು ಎಂದು ನಾನೇ ಕಂದು ಬಣ್ಣದ ಫ್ರೇಮು ಆರಿಸಿದೆ. ಅದನ್ನು ಹಾಕಿಕೊಂಡು ಹೋದ ಎರಡನೇ ಭಾನುವಾರವೇ ಕೈಯಲ್ಲಿ ದಿಲ್‌ಪಸಂದ್ ಪೊಟ್ಟಣ. ನಾನು ಬೀಗಿದ್ದೇ ಬೀಗಿದ್ದು. ನನ್ನ ಮಾತು ಮೊದಲೇ ಕೇಳಿದ್ದರೆ ಇಷ್ಟು ದಿನ ಸೋಲುವ ಗತಿ ಬರುತ್ತಿತ್ತಾ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದೆ.

ಮುಂದಿನ ವರ್ಷ ಆಯುಧಪೂಜೆಗೆ ಕೋಲನ್ನು ಅವರೇ ಒರೆಸಿ ತಂದಿಟ್ಟರು. "ನೀನು ತೊಳೀಬೇಡ, ನಂಗೆ ಮಾಡೋಕೆ ಬೇರೆ ಕೆಲ್ಸ ಇಲ್ಲ" ಎಂದರು. ನಾನು ಕುಂಕುಮದ ಬಟ್ಟಲು ಹಿಡಿದು ಬಂದಾಗ, ಬೆರಳು ಇನ್ನೆಲ್ಲೋ ಹೋಗುತ್ತಿದ್ದುದನ್ನು ಹಿಡಿದು ಹಳೆಯ ಬೊಟ್ಟಿನ ಕಲೆಯ ಮೇಲೆ ತಂದರು. "ಇಲ್ಲೇ ಇಡು. ಹಳೇ ಬೊಟ್ಟಿನ ಮೇಲೇ." ಅದರ ಮುಂದಿನ ವರ್ಷವೂ ಅದೇ ಮಾತು, ಅದೇ ಜಾಗ. ನಾನು ನಕ್ಕೆ. ಮುದುಕರಿಗೆ ಬರುವ ಹುಚ್ಚು ಶಾಸ್ತ್ರ ಅಂದುಕೊಂಡೆ.

ಈ ಸಲದ ಶಿವರಾತ್ರಿ ಆದ ಮುಂದಿನ ವಾರ, ಬೆಳಗ್ಗೆ ಹಾಲಿನ ಪಾಕೀಟು ತಂದು ಅಡುಗೆಕಟ್ಟೆಯ ಮೇಲಿಟ್ಟು, ಎದೆ ಯಾಕೋ ಹಿಡಿದಂತಿದೆ ಎಂದು ಕೂತರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು. ಅದರ ಬಗ್ಗೆ ಇನ್ನೇನೂ ಬರೆಯಲಾರೆ. ಕರ್ಮದ ದಿನ ನೆಂಟರ ಹೆಂಗಸರು ಸೇರಿ ಮಾಡಬೇಕಾದ್ದನ್ನೆಲ್ಲ ಮಾಡಿದರು. ಹಣೆಯ ಕುಂಕುಮ ಹೋಯಿತು, ತಾಳಿ ಹೋಯಿತು. ಈಗ ಯಾರೂ ಇದನ್ನೆಲ್ಲ ಪಾಲಿಸುವುದಿಲ್ಲ, ಬಿಡಮ್ಮ ಎಂದು ಮಗಳು ಜಗಳ ಆಡಿದಳು. ಜಗಳ ಆಡುವ ಶಕ್ತಿ ನನ್ನಲ್ಲಿರಲಿಲ್ಲ.

ಆಷಾಢ ಕಳೆದ ಮೇಲೆ ಒಂದು ದಿನ ಬೀರುವಿನ ಸಂದಿ ಗುಡಿಸುವಾಗ ಕಪ್ಪು ಡಬ್ಬಿ ಕೈಗೆ ತಾಗಿತು. ತೆರೆದರೆ ತುದಿಯ ಚರ್ಮ ಕಿತ್ತು ಬಂದಿತ್ತು. ಮನೆಯಲ್ಲಿ ಕೊಳೆಯುವ ಬದಲು ಆಡುವವರ ಕೈಗಾದರೂ ಸೇರಲಿ ಎಂದು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಪೂಲ್ ಹಾಲಿನ ಮೆಟ್ಟಿಲು ಹತ್ತಿದೆ. ಅದನ್ನು ನಡೆಸುವವರು ಎದ್ದು ನಿಂತು ಕುರ್ಚಿ ಹಾಕಿದರು. ಯಜಮಾನರು ಕೂರುತ್ತಿದ್ದ ಬೆಂಚು ತೋರಿಸಿದರು. ನಾನು ಡಬ್ಬಿ ಕೊಟ್ಟೆ. ಅವರು ಎರಡು ತುಂಡನ್ನೂ ಸೇರಿಸಿ ಮೇಜಿನ ಮೇಲೆ ಉರುಳಿಸಿದರು, ಕೂಡಲೇ ಕೈ ಅಡ್ಡ ಇಟ್ಟು ನಿಲ್ಲಿಸಿದರು.

"ಶ್ರೀನಿವಾಸಪುರದಲ್ಲಿ ಒಬ್ರು ಸಾಬ್ರು ಅವ್ರೆ ಮೇಡಂ. ಇದನ್ನ ನೋಡ್ಕೊಳ್ತಿದ್ದೋರು ಅವ್ರೇ. ಒಂದ್ಸಲ ಅವ್ರಿಗೆ ತೋರ್ಸಿ."

"ಕಣ್ಣು ಸರಿಹೋದ ಮೇಲೆ ಮತ್ತೆ ಚೆನ್ನಾಗಿ ಆಡ್ತಿದ್ರಲ್ವಾ?" ಎಂದು ಕೇಳಿದೆ. ಒಂದು ಒಳ್ಳೆಯ ಮಾತು ಕೇಳಿಸಿಕೊಂಡು ಹೋಗುವ ಆಸೆ.

ಅವರು ಅನುಮಾನಿಸಿದರು. "ಕಣ್ಣು ಚೆನ್ನಾಗೇ ಇತ್ತಲ್ಲ ಮೇಡಂ. ಕನ್ನಡಕ ಮೆಟ್ಲು ಹತ್ತೋವಾಗ್ಲೇ ತೆಗ್ದು ಜೇಬಿಗೆ ಹಾಕ್ಕೊಳ್ಳೋರು. ಗೆಲ್ಲೋದು... ಈಚೆಗೆ ಎರಡು ವರ್ಷ ಗೆಲ್ಲಲಿಲ್ಲ. ಆದ್ರೂ ಒಂದು ವಾರ ತಪ್ಪಿಸ್ತಿರ್ಲಿಲ್ಲ."

ಹಾಗಾದರೆ ದಿಲ್‌ಪಸಂದ್ ಎಲ್ಲಿಂದ ಬರುತ್ತಿತ್ತು ಎಂದು ಕೇಳಲಿಲ್ಲ. ಬೇಕರಿ ಅದೇ ಮೆಟ್ಟಿಲ ಕೆಳಗಿದೆ. ಕಂಬಿ ಹಿಡಿದುಕೊಂಡು ಇಳಿದೆ. ಸೋತು ಬಂದು ಗೆದ್ದೆನೆಂದು ಯಾಕೆ ನಾಟಕ ಆಡಿದರು? ಬರಿಗೈಯಲ್ಲಿ ಬಂದರೆ ನಾನು ಚುಚ್ಚುತ್ತೇನೆಂದೇ? ನನ್ನ ಬಾಯಿಗೆ ಅಷ್ಟು ಹೆದರಿದ್ದರೇ? ಆ ಪ್ರಶ್ನೆ ಹೊತ್ತುಕೊಂಡೇ ಮಾರನೆಯ ಗುರುವಾರ ಶ್ರೀನಿವಾಸಪುರದ ಬಸ್ಸು ಹತ್ತಿದೆ.

ಮಾವಿನ ಕಾಯಿಯ ಕಾಲ ಮುಗಿದು ಮಂಡಿಗಳೆಲ್ಲ ಖಾಲಿಯಿದ್ದವು. ಸಾಬರ ಅಂಗಡಿ ಮಂಡಿಯ ಹಿಂದೆ, ಸಣ್ಣದೊಂದು ಲೇತ್ ಯಂತ್ರ, ಸುತ್ತ ಹೊಟ್ಟು. ನನಗಿಂತ ಹತ್ತು ವರ್ಷ ದೊಡ್ಡವರು, ಬಿಳಿ ಗಡ್ಡ. ಡಬ್ಬಿ ನೋಡಿದ ಕೂಡಲೇ ಯಂತ್ರ ನಿಲ್ಲಿಸಿದರು. ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಹೇಳಿದೆ. ಕೈಯ ಹೊಟ್ಟು ಒರೆಸಿಕೊಂಡರು. ಆಮೇಲೆ ಎದ್ದು ನನಗೆ ಸ್ಟೂಲು ಒರೆಸಿ ಹಾಕಿದರು.

"ಟಿಪ್ ಹಾಕ್ಬೇಕು, ಅಷ್ಟೇ ಅಲ್ವಾ ಟೀಚರಮ್ಮ?" ನಾನು ಟೀಚರೆಂದು ಅವರಿಗೆ ಗೊತ್ತಿತ್ತು.

"ಹಾಕಿ. ಹಾಗೇ ಇದ್ರಲ್ಲಿ ಯಾವ್ದು ಏನು ಅಂತ ಹೇಳ್ಕೊಡಿ ಸಾಬ್ರೇ. ಮೂವತ್ತು ವರ್ಷ ಮನೇಲಿತ್ತು, ಒಂದ್ರ ಹೆಸ್ರೂ ನಂಗೊತ್ತಿಲ್ಲ."

ಅವರು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬುಡದಿಂದ ಶುರು ಮಾಡಿದರು. ನಾನು ಒಂದನೇ ತರಗತಿಯ ಮಕ್ಕಳಿಗೆ ಮೈಯ ಭಾಗಗಳನ್ನು ಮುಟ್ಟಿ ಮುಟ್ಟಿ ಹೇಳಿಕೊಡುತ್ತಿದ್ದ ರೀತಿಯಲ್ಲೇ. ತೀರಾ ಕೆಳಗಿನ ಕಪ್ಪು ರಬ್ಬರು ಬಂಪರ್. ನೆಲಕ್ಕೆ ಊರಿದಾಗ ಪೆಟ್ಟಾಗದಿರಲೆಂದು. ದಪ್ಪ ಅರ್ಧ ಪೂರ್ತಿ ಬಟ್, ಕೋಲಿನ ತೂಕವೆಲ್ಲ ಅಲ್ಲೇ. ಹಿಡಿಯುವ ಕಡೆ ದಾರ ಸುತ್ತಿದ್ದು ಕೈ ಬೆವರಿಗೆ. ಆ ದಾರ ಒಂದು ಕಡೆ ಸವೆದು ನಯವಾಗಿತ್ತು. ಅದು ಅವರ ಅಂಗೈಯ ಜಾಗ. ನಾನು ಅಲ್ಲಿ ಕೈಯಿಟ್ಟೆ. ಸಾಬರು ನಾನು ತೆಗೆಯುವ ತನಕ ಕಾದರು.

"ಇದು ಜಾಯಿಂಟು. ಹಿತ್ತಾಳೆ ತಿರುಪು. ಇಲ್ಲಿಂದ ಮೇಲಕ್ಕೆ ಶಾಫ್ಟು. ಆಟ ಆಡೋದೆಲ್ಲ ಇದೇನೇ. ಇದು ಮೇಪಲ್ ಅಂತ ಹೊರದೇಶದ ಮರ. ವರ್ಷಗಟ್ಲೆ ಒಣಗಿಸಿ ಒಣಗಿಸಿ ಮಾಡ್ತಾರೆ. ತುದೀಲಿ ಬಿಳಿ ಬಳೆ ಐತಲ್ಲ, ಫೆರೂಲ್. ಚೆಂಡಿನ ಪೆಟ್ಟು ಮೊದ್ಲು ಅದು ತಿಂತದೆ, ಮರ ಸೀಳ್ಬಾರ್ದು ಅಂತ. ಅದ್ರ ಮೇಲೆ ಚರ್ಮದ ಟಿಪ್. ಸುಣ್ಣ ಹಿಡಿಯೋದು ಅದೇ. ಸುಣ್ಣ ಇಲ್ದಿದ್ರೆ ಚೆಂಡಿಂದ ಜಾರೋಗ್ತದೆ."

"ಆ ನೀಲಿ ಕೊಳೆ?" ಎಂದೆ.

"ಕೊಳೆ ಅಲ್ಲ ಅಮ್ಮಾ. ಅದು ಇರ್ಬೇಕು."

ನನಗೆ ಆಗಲೂ ಹೊಳೆಯಲಿಲ್ಲ. ಜಂಬದಿಂದಲೇ ಹೇಳಿದೆ. "ನಾನು ಒಂದ್ಸಲ ಆಯುಧಪೂಜೆಗೆ ಎಲ್ಲಾ ತೊಳ್ದಿದ್ದೆ ಸಾಬ್ರೇ. ನೀರಲ್ಲಿ ನೆನೆಸಿ, ಸೀಗೆಪುಡಿ ಹಾಕಿ ಉಜ್ಜಿ, ಬಿಸಿಲಲ್ಲಿ ಒಣಗ್ಸಿ."

ಸಾಬರ ಕೈ ಕೋಲಿನ ಮೇಲೆ ನಿಂತಿತು. ಅವರು ನನ್ನ ಮುಖ ನೋಡಲಿಲ್ಲ. ಅಂಟಿನ ಡಬ್ಬಿ ಹುಡುಕಲು ಶುರು ಮಾಡಿದರು, ಅದು ಎದುರಿಗೇ ಇತ್ತು. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳು ನಾನು. ಯಾರು ಏನನ್ನು ಬಚ್ಚಿಡುತ್ತಿದ್ದಾರೆಂದು ನನಗೆ ಗೊತ್ತಾಗುತ್ತದೆ.

"ಹೇಳಿ ಸಾಬ್ರೇ" ಎಂದೆ. "ನೀರು ಹಾಕ್ಬಾರ್ದಿತ್ತಾ?"

ಅವರು ಶಾಫ್ಟನ್ನು ಬಿಚ್ಚಿ, ಮಟ್ಟಸವಾದ ಒಂದು ಹಲಗೆಯ ಮೇಲೆ ಉರುಳಿಸಿದರು. ಅದು ನೆಟ್ಟಗೆ ಉರುಳಲಿಲ್ಲ. ಒಂದು ಸುತ್ತಿಗೆ ಒಂದು ಸಲ ತುದಿ ಏಳುತ್ತಿತ್ತು, ಹಲಗೆಗೆ ಟಕ್ ಎಂದು ಬಡಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಪೂಲ್ ಹಾಲಿನವರು ಕೈ ಅಡ್ಡ ಇಟ್ಟು ನಿಲ್ಲಿಸಿದ್ದು ಇದನ್ನೇ.

"ಸಾರ್ ಆ ದಸರಾ ಆದ ವಾರಾನೇ ಬಂದ್ರು" ಎಂದರು ಸಾಬರು. "ಟಿಪ್ ಉಬ್ಬಿ ಅಂಟು ಬಿಟ್ಟಿತ್ತು. ಶಾಫ್ಟು ಬಾಗಿತ್ತು. ಏನ್ ಸಾರ್ ಇದು ಅಂದೆ. ಮಳೇಲಿ ನೆನೀತು ಅಂದ್ರು. ಮಳೇಲಿ ಕುಂಕುಮ ಬೀಳ್ತದಾ ಸಾರ್ ಅಂತ ನಾನು ನಕ್ಕೆ. ಅವ್ರೂ ನಕ್ರು. ಆಮೇಲೆ ಹೇಳಿದ್ರು."

"ಏನಂತ?"

"ಬ್ಯಾಡ ಬಿಡಿ ಅಮ್ಮಾ."

"ಏನಂದ್ರು ಅಂತ ಕೇಳ್ದೆ."

ಅವರು ಗಡ್ಡ ಸವರಿಕೊಂಡರು. "ಇಷ್ಟು ವರ್ಷಕ್ಕೆ ಮೊದ್ಲನೇ ಸಲ ನಮ್ಮನೆಯವ್ಳು ಇದನ್ನ ಪೂಜೆಗೆ ಇಟ್ಟವ್ಳೆ ಸಾಬ್ರೇ, ಅಂದ್ರು. ಕೆಟ್ಟೋಯ್ತು ಅಂತ ಹೇಳಿದ್ರೆ ಇನ್ನೊಂದ್ಸಲ ಇಡಲ್ಲ ಅಂದ್ರು. ಬಾಗಿದ್ದು ಮತ್ತೆ ನೆಟ್ಟಗಾಗಲ್ಲ, ಹೊಸ ಶಾಫ್ಟು ಹಾಕ್ಕೊಡ್ತೀನಿ ಅಂದೆ. ಹೊಸದ್ರಲ್ಲಿ ಅವ್ಳಿಟ್ಟ ಬೊಟ್ಟು ಇರಲ್ವಲ್ಲ ಅಂದ್ಬುಟ್ರು. ಟಿಪ್ ಮಾತ್ರ ಹಾಕುಸ್ಕೊಂಡು ಹೋದ್ರು."

ಸಾಬರು ಶಾಫ್ಟನ್ನು ಎತ್ತಿ ಬುಡ ತೋರಿಸಿದರು. ಎಣ್ಣೆ ಹಚ್ಚಿದ ಮರಕ್ಕೆ ಇಳಿದ ಕುಂಕುಮ, ಮಸುಕಾದ ಕೆಂಪು, ಬಟಾಣಿ ಕಾಳಿನಷ್ಟು.

"ಇದನ್ನೇ ಗುರುತು ಮಾಡ್ಕೊಂಡಿದ್ರು. ಬೊಟ್ಟು ಮೇಲಕ್ಕೆ ಬರೋ ಹಂಗೆ ಹಿಡಿದ್ರೆ ಬಾಗು ಕೆಳಕ್ಕೆ ಹೋಗ್ತದೆ. ಹಂಗಾದ್ರೆ ಎಡಕ್ಕೂ ಬಲಕ್ಕೂ ತಪ್ಪಲ್ಲ, ಒಂದಿಷ್ಟಾದ್ರೂ ಆಡ್ಬೋದು. ಒಂದೊಂದು ಹೊಡ್ತಕ್ಕೂ ಬೊಟ್ಟು ನೋಡ್ಕೊಂಡೇ ಹಿಡೀತಿದ್ರಂತೆ. ಮರ ನಯ ಮಾಡೋವಾಗ ಅದನ್ನ ಮಾತ್ರ ಒರೆಸ್ಬ್ಯಾಡಿ ಅಂತ ನಂಗೆ ಪ್ರತಿ ಸಲ ಹೇಳೋರು."

ಹಳೇ ಬೊಟ್ಟಿನ ಮೇಲೇ ಇಡು ಎಂದು ನನ್ನ ಬೆರಳು ಹಿಡಿದು ತಂದಿದ್ದು ಇದಕ್ಕೆ. ಮುದುಕರ ಹುಚ್ಚು ಶಾಸ್ತ್ರ ಎಂದು ನಾನು ನಕ್ಕಿದ್ದೆ. ಸಾಬರ ಅಂಗಡಿಯಲ್ಲಿ, ಗುರುತಿಲ್ಲದ ಬೀದಿಯಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಕರ್ಮದ ದಿನ ಕೂಡ ಹಾಗೆ ಅತ್ತಿರಲಿಲ್ಲ. ಅವರು ಒಳಗೆ ಹೋಗಿ ಒಂದು ಲೋಟ ನೀರು ತಂದಿಟ್ಟು, ಬೆನ್ನು ತಿರುಗಿಸಿ ಕೂತು ಟಿಪ್ ಕೂರಿಸುವ ಕೆಲಸ ಹಿಡಿದರು.

ಮುಗಿದ ಮೇಲೆ ಕೇಳಿದರು. "ಯಾರಿಗಾದ್ರೂ ಆಡೋಕೆ ಕೊಡೋದಾದ್ರೆ ಹೊಸ ಶಾಫ್ಟು ಹಾಕ್ಕೊಡ್ತೀನಿ ಅಮ್ಮಾ. ಬಟ್ ಚೆನ್ನಾಗೈತೆ."

"ಬ್ಯಾಡ" ಎಂದೆ. "ಇದು ಆಡೋಕಲ್ಲ."

"ಒಣ ಬಟ್ಟೇಲಿ ಒರೆಸಿ ಸಾಕು" ಎಂದು ಡಬ್ಬಿ ಕೊಟ್ಟರು. "ನೀರು ನಕ್ಕೋ, ಮುಟ್ಸಲೇಬ್ಯಾಡಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಅವರ ಜೊತೆ ಜಗಳ ಆಡಿದೆ. ಸಿಟ್ಟು ಬಂದರೆ ನನಗೆ ಬರುವುದು ನಮ್ಮಮ್ಮನ ತೆಲುಗೇ. ಒಕ್ಕ ಮಾಟ ಚೆಪ್ಪಕೂಡದಾ, ಒಂದು ಮಾತು ಹೇಳಬಾರದಿತ್ತಾ ಎಂದು ಅದೇ ಸಾಲನ್ನು ಎಷ್ಟು ಸಲ ಅಂದೆನೋ. ಪಕ್ಕದ ಹೆಂಗಸು ನನ್ನ ತುಟಿ ನೋಡುತ್ತಿದ್ದಳು. ಅವತ್ತೇ ಬೈದಿದ್ದರೆ ಏನಾಗುತ್ತಿತ್ತು? ನಾನೂ ನಾಲ್ಕು ಮಾತು ತಿರುಗಿ ಆಡುತ್ತಿದ್ದೆ. ಒಳಗೆ ಹೋಗಿ ಅಳುತ್ತಿದ್ದೆ. ಹಬ್ಬದ ದಿನ ಹಾಳಾಗುತ್ತಿತ್ತು, ಮಾರನೆಯ ದಿನ ಕಾಫಿ ಕೊಡುವಾಗ ಸರಿಹೋಗುತ್ತಿತ್ತು. ಹೊಸ ಶಾಫ್ಟು ತಂದು, ಅದಕ್ಕೂ ನನ್ನ ಕೈಯಲ್ಲೇ ಬೊಟ್ಟು ಇಡಿಸಿ, ನೆಟ್ಟಗಿನ ಕೋಲಿನಲ್ಲಿ ಎರಡೂವರೆ ವರ್ಷ ಗೆಲ್ಲುತ್ತಿದ್ದರು. ಅವರಿಗಿದ್ದ ಸುಖ ಅದೊಂದೇ. ಅದನ್ನು ನನ್ನ ಒಂದು ಬೊಟ್ಟಿಗೆ ಬಿಟ್ಟುಕೊಟ್ಟರು. ಅಷ್ಟು ಬೆಲೆಯದೇನೂ ಆಗಿರಲಿಲ್ಲ ಆ ಬೊಟ್ಟು. ಆ ಮೊದಲ ಆಯುಧಪೂಜೆಯಲ್ಲೇ ಡಬ್ಬಿಯನ್ನು ಎತ್ತಿ ಸಂದಿಗೆ ತಳ್ಳದೆ ಇದ್ದಿದ್ದರೆ ಅವರು ನನ್ನ ಬೊಟ್ಟಿಗಾಗಿ ಹೀಗೆ ಹಂಬಲಿಸಬೇಕಾಗಿರಲಿಲ್ಲ.

ಮಗಳಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಅಪ್ಪನ ಕನ್ನಡಕ ತಂದು ಡಬ್ಬಿಯ ಜೊತೆ ಇಟ್ಟಳು. ಅದರ ಗಾಜಿನಲ್ಲಿ ಒಂದು ಗೀರೂ ಇರಲಿಲ್ಲ.

ಈ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ವರ್ಷ ತುಂಬುವ ತನಕ ಮಾಡುವಂತಿಲ್ಲ. ಆಯುಧಪೂಜೆಯ ದಿನ ಬೀದಿಯಲ್ಲಿ ಎಲ್ಲರ ಮನೆಯ ಗಾಡಿಗಳಿಗೂ ಹೂವಿನ ಹಾರ, ನಮ್ಮ ಸ್ಕೂಟರ್ ಬರಿದಾಗಿ ನಿಂತಿತ್ತು. ಮಗಳು ಕೆಲಸಕ್ಕೆ ರಜೆ ಇದ್ದರೂ ಗೆಳತಿಯ ಮನೆಗೆಂದು ಹೊರಗೆ ಹೋದಳು. ನಾನು ಮಧ್ಯಾಹ್ನ ಡಬ್ಬಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿದೆ. ಬಂಪರ್, ಬಟ್, ದಾರ, ಜಾಯಿಂಟು, ಶಾಫ್ಟು, ಫೆರೂಲ್, ಟಿಪ್. ಈಗ ಎಲ್ಲದರ ಹೆಸರೂ ಬರುತ್ತದೆ. ತಿರುಪು ಸೇರಿಸಿ, ಬೊಟ್ಟು ಮೇಲಕ್ಕೆ ಬರುವ ಹಾಗೆ ತಿರುಗಿಸಿ ತೊಡೆಯ ಮೇಲೆ ಇಟ್ಟುಕೊಂಡೆ. ಬೊಟ್ಟು ಇನ್ನಷ್ಟು ಮಸುಕಾಗಿತ್ತು. ಒಂದು ವರ್ಷವಾಗಿತ್ತಲ್ಲ, ಪ್ರತಿ ವರ್ಷ ಹೊಸದು ಬೀಳುತ್ತಿತ್ತು.

ದೇವರ ಗೂಡಿನ ಮೂಲೆಯಲ್ಲಿದ್ದ ಕುಂಕುಮದ ಬಟ್ಟಲನ್ನು ಕರ್ಮದ ದಿನದಿಂದ ನಾನು ಮುಟ್ಟಿರಲಿಲ್ಲ. ಹೋಗಿ ತಂದೆ. ಬೆರಳಿಗೆ ತೆಗೆದುಕೊಂಡು, "ಇಲ್ಲೇ ತಾನೆ?" ಎಂದು ಕೇಳಿ, ಹಳೆಯ ಬೊಟ್ಟಿನ ಮೇಲೇ ಇಟ್ಟೆ. ಬೆರಳಲ್ಲಿ ಸ್ವಲ್ಪ ಉಳಿದಿತ್ತು. ಪೂಜೆ ಮಾಡಿ ಮಿಕ್ಕ ಕುಂಕುಮವನ್ನು ಹೆಂಗಸರು ತಾಳಿಗೆ ಒತ್ತಿಕೊಳ್ಳುತ್ತಾರೆ. ಅಭ್ಯಾಸದಂತೆ ಕೈ ಕೊರಳ ತನಕ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೆರಳನ್ನು ಹಾಗೇ ಹಿಡಿದುಕೊಂಡು, ಮಗಳು ಬರುವ ತನಕ ಕೂತಿದ್ದೆ.